ಪ್ರಾಯ, ಬುದ್ಧಿ ಮತ್ತು ಸುರಪುರದ ರಾಜ

ಕೆಡುಕು ಮಾಡಿದವರೆಲ್ಲರೂ ಅಪರಾಧಿಗಳೇ? ಕೈ ಮಾಡಿದ್ದನ್ನು ಮನಸ್ಸು ಅರಿತಿರಬೇಕೆಂಬುದು ದಂಡನೀತಿಯ ಹಳೆಯ ಮಾತು. ಅದಕ್ಕೆ ನಮ್ಮ ಸೀಮೆಯಲ್ಲೇ ಬೇರುಗಳುಂಟು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ಹದಿನಾರು ತುಂಬದ ಬಾಲಕನಿಗೂ ಎಂಬತ್ತು ದಾಟಿದ ವೃದ್ಧನಿಗೂ ರೋಗಿಗೂ ಅರ್ಧ ಪ್ರಾಯಶ್ಚಿತ್ತ ಸಾಕೆಂಬ ಸ್ಮೃತಿವಾಕ್ಯವನ್ನು ಎತ್ತಿ ಹೇಳುತ್ತದೆ.

ಈ ಪ್ರಶ್ನೆ ಮುಂದೆ ಸುರಪುರದಲ್ಲಿ ದಾರುಣವಾಗಿ ಎದುರಾಯಿತು. 1842ರಲ್ಲಿ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಎಳೆಯ ಹುಡುಗ. ಅವನ ಶಿಕ್ಷಣ, ಸಂಸ್ಥಾನದ ಮೇಲ್ವಿಚಾರಣೆ ಎರಡೂ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನ ಪಾಲಿಗೆ ಬಂದವು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ ಪ್ರಾಯಕ್ಕೆ ಬಂದನೆಂದು ಅಧಿಕಾರ ಒಪ್ಪಿಸಿ ಟೇಲರ್ ಬೇರೆಡೆಗೆ ತೆರಳಿದ.

ಐದು ವರ್ಷ ಕಳೆಯುವಷ್ಟರಲ್ಲಿ ದಂಗೆ. 1858ರ ಫೆಬ್ರವರಿಯಲ್ಲಿ ಸುರಪುರದ ಬೇಡರ ಪಡೆ ಬ್ರಿಟಿಷ್ ದಂಡಿನೊಡನೆ ಕಾದಿತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಯಾದ. ವಿಚಾರಣೆಯಲ್ಲಿ ಮರಣದಂಡನೆಯಾಯಿತು. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಕ್ಯಾನಿಂಗ್ ನಾಲ್ಕು ವರ್ಷದ ಸೆರೆಗೆ ತಂದ. ಎಳೆಯ ರಾಜನನ್ನು ಸುತ್ತಲಿನವರು ದಾರಿ ತಪ್ಪಿಸಿದರೆಂಬುದೇ ಟೇಲರನ ಭಾವನೆ. ಆದರೆ ಮೇ ತಿಂಗಳಲ್ಲಿ, ಚೆಂಗಲ್‌ಪಟ್ಟಿನ ಹಾದಿಯಲ್ಲಿ, ರಾಜ ಗುಂಡಿಗೆ ಬಲಿಯಾದ. ಕಾವಲು ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದಿದ್ದಾನೆ, ಒಪ್ಪದವರೂ ಉಂಟು. ಆಗ ಅವನಿಗೆ ಸುಮಾರು ಇಪ್ಪತ್ತನಾಲ್ಕು ವರ್ಷ.

ಕಾನೂನಿನ ದೃಷ್ಟಿಯಲ್ಲಿ ಈ ಪ್ರಾಯಕ್ಕೆ ಬೆಲೆಯುಂಟೇ? ಮೆಕಾಲೆಯ ಮಂಡಳಿ 1837ರಲ್ಲೇ ಕರಡು ಸಿದ್ಧಪಡಿಸಿದ್ದ ದಂಡಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ರಂದು. ಅದರಂತೆ ಏಳು ವರ್ಷದೊಳಗಿನ ಮಗು ಅಪರಾಧಿಯಲ್ಲ (82ನೇ ಕಲಮು). ಏಳರಿಂದ ಹನ್ನೆರಡರವರೆಗೆ, ಮಾಡಿದ್ದರ ಸ್ವರೂಪ ಮತ್ತು ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ವಿನಾಯಿತಿ (83). ಚಿತ್ತಸ್ವಾಸ್ಥ್ಯ ತಪ್ಪಿ, ತಾನು ಮಾಡುತ್ತಿರುವುದೇನೆಂದಾಗಲಿ ಅದು ತಪ್ಪೆಂದಾಗಲಿ ಆ ಹೊತ್ತಿನಲ್ಲಿ ಅರಿಯಲಾರದವನಿಗೂ ವಿನಾಯಿತಿ (84). ಈ ಕೊನೆಯದು 1843ರಲ್ಲಿ ಇಂಗ್ಲೆಂಡಿನ ಮ್ಯಾಕ್‌ನಾಟನ್ ಮೊಕದ್ದಮೆಯಿಂದ ಹುಟ್ಟಿದ ನಿಯಮಕ್ಕೆ ಹತ್ತಿರದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ 20, 21, 22ನೇ ಕಲಮುಗಳಾಗಿ ಇವೇ ನಿಂತಿವೆ. ಹದಿನೆಂಟು ತುಂಬದವರಿಗೆ ಬಾಲನ್ಯಾಯ ಕಾಯ್ದೆ ಬೇರೆಯಿದೆ; ಆದರೆ 2015ರ ಕಾಯ್ದೆ, ಹದಿನಾರು ದಾಟಿದವರು ಘೋರ ಅಪರಾಧ ಮಾಡಿದರೆ ವಯಸ್ಕರಂತೆ ವಿಚಾರಿಸಲು ಅವಕಾಶ ಕೊಟ್ಟಿದೆ.

ವೆಂಕಟಪ್ಪ ನಾಯಕ ಈ ಯಾವ ಬಾಗಿಲಿನಿಂದಲೂ ಹೊರಬರುವವನಲ್ಲ. ಅವನು ಮಗುವಲ್ಲ, ಮತಿಗೆಟ್ಟವನೂ ಅಲ್ಲ. ಅವನಿಗೆ ಸಿಕ್ಕಿದ್ದು ವಿನಾಯಿತಿಯಲ್ಲ, ರಿಯಾಯಿತಿ. ಇವೆರಡರ ಅಂತರ ಸಣ್ಣದಲ್ಲ. ವಿನಾಯಿತಿ ‘ಇವನು ಅಪರಾಧಿಯೇ ಅಲ್ಲ’ ಎನ್ನುತ್ತದೆ. ರಿಯಾಯಿತಿ ‘ಅಪರಾಧಿ ಹೌದು, ಆದರೂ ಕನಿಕರವಿರಲಿ’ ಎನ್ನುತ್ತದೆ. ಮೊದಲನೆಯದು ಹಕ್ಕು, ಎರಡನೆಯದು ಅಧಿಕಾರವುಳ್ಳವರ ಮರ್ಜಿ.

ಆ ಕನಿಕರಕ್ಕೂ ಒಂದು ಬೆಲೆಯಿದೆ. ಹುಡುಗುಬುದ್ಧಿಯಿಂದ, ಪರರ ಮಾತು ಕೇಳಿ ಕೆಟ್ಟನೆಂದರೆ ರಾಜನ ತಪ್ಪು ಹಗುರಾಗುತ್ತದೆ, ನಿಜ. ಜೊತೆಗೆ ಅವನ ಸಾಹಸವೂ ಹಗುರಾಗುತ್ತದೆ. ಇಂದು ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಜನ ಅವನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ನೆನೆಯುತ್ತಾರೆ. ಅವರಿಗೆ ಅವನು ತಿಳಿಯದೆ ಮಾಡಿದವನಲ್ಲ, ತಿಳಿದೇ ನಿಂತವನು. ಅಪರಾಧಕ್ಕೆ ಬೇಕಾದ ಅರಿವೇ ವೀರಕ್ಕೂ ಬೇಕು. ಒಬ್ಬನಿಂದ ಅರಿವನ್ನು ಕಳೆದು ಶಿಕ್ಷೆ ತಪ್ಪಿಸಬಹುದು. ಆಮೇಲೆ ಅವನಿಗೆ ಕೀರ್ತಿಯನ್ನು ಹೇಗೆ ಕೊಡುವುದು?