ಕಾಡತೂಸಿನ ತುಟಿ

ಹಲಸಿಯೆಂದೊಡನೆ ವಿದ್ಯಾವಂತರ ಮನಸ್ಸು ಕದಂಬರ ಪಲಾಶಿಕೆಯ ಕಡೆಗೂ ಭೂವರಾಹ ನರಸಿಂಹನ ದೇವಾಲಯದ ಕಡೆಗೂ ಹರಿಯುವುದು ಸಹಜ. ಅಲ್ಲಿಯ ಅರಸರ ಚರಿತ್ರೆಯನ್ನು ತಾಮ್ರಪಟಗಳು ತಿಳಿಸುತ್ತವೆ. ಪಡುವಲಿಗೆ ಹಬ್ಬಿರುವ ಖಾನಾಪುರದ ಕಾಡಿಗೂ ಒಂದು ಚರಿತ್ರೆಯುಂಟು. ಅದರ ಬೇಟೆಯ ಅಧ್ಯಾಯವನ್ನು ತಿಳಿಯಲು ನಾವು ಹಿತ್ತಾಳೆಯ ಒಂದು ಸಣ್ಣ ಕೊಳವೆಯನ್ನು ಕೈಗೆತ್ತಿಕೊಳ್ಳೋಣ.

ಹಲಸಿಗೆ ಸಮೀಪದ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ 1831ರಲ್ಲಿ, ಬಂದೂಕುಗಳು ಸಾಮಾನ್ಯವಾಗಿ ಬಾಯಿಯಿಂದ ತುಂಬುವಂಥವು. ನಳಿಗೆಗೆ ಮದ್ದು ಸುರಿದು, ಗುಂಡನ್ನಿಟ್ಟು, ಗಜದಿಂದ ಇಡಿಯಬೇಕು. ಹೊಡೆತ ತಪ್ಪಿತೆಂದರೆ ಇದೆಲ್ಲವೂ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಮೃಗವು ಪೊದೆಯನ್ನು ಸೇರುತ್ತಿತ್ತು, ಇಲ್ಲವೆ ಬೇಟೆಗಾರನ ಮೇಲೆಯೇ ಬೀಳುತ್ತಿತ್ತು.

1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಬಂದೂಕಿನ ಕಾಡತೂಸಾದರೂ ಜಿಡ್ಡು ಸವರಿದ ಕಾಗದದ ಸುರುಳಿ. ಅದನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಾಗಿತ್ತು. ಅದೇ ವರ್ಷ ಸರಕಾರವು ಜನರ ಆಯುಧಗಳನ್ನು ಕಸಿಯಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಎದುರುಬಿದ್ದು ಹೋರಾಡಿದರು. ಬೇಟೆಯೇ ಕುಲಕಸುಬಾದವರಿಗೆ ಆಯುಧವನ್ನೊಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಪ್ಪಿಸಿದಂತೆ. ಊರು ಬೆಂಕಿಗೆ ಆಹುತಿಯಾಯಿತು, ಮುಂದಾಳುಗಳು ಗಲ್ಲಿಗೇರಿದರು.

ಒಂಬತ್ತು ವರ್ಷಗಳ ತರುವಾಯ, 1866ರಲ್ಲಿ, ಬಾಕ್ಸರ್ ಎಂಬ ಸೇನಾಧಿಕಾರಿಯು ರೂಪಿಸಿದ ಹಿತ್ತಾಳೆಯ ಕಾಡತೂಸು ಬ್ರಿಟಿಷ್ ಸೈನ್ಯದಲ್ಲಿ ಬಳಕೆಗೆ ಬಂದಿತು. ಕೇಪು, ಮದ್ದು, ಗುಂಡು ಮೂರೂ ಒಂದೇ ಕೊಳವೆಯಲ್ಲಿ ಅಡಗಿದವು. ಹಿತ್ತಾಳೆಯ ಕೊಳವೆಯನ್ನು ಬೇಟೆಗಾರನು ಮನೆಯಲ್ಲಿಯೇ ಮತ್ತೆ ತುಂಬಬಹುದು. ಸುಟ್ಟ ಕೇಪನ್ನು ತೆಗೆದು, ಹೊಸದನ್ನು ಕೂರಿಸಿ, ಮದ್ದನ್ನು ಅಳೆದು ಹಾಕಿ, ಗುಂಡನ್ನಿಟ್ಟು, ಕೊನೆಗೆ ಕೊಳವೆಯ ತುಟಿಯನ್ನು ಗುಂಡಿನ ಸುತ್ತಣ ಗೀರಿಗೆ ಒತ್ತಿ ಬಿಗಿಯುವನು. ಇದಕ್ಕೆ ಕ್ರಿಂಪ್ ಎಂದು ಹೆಸರು.

ಈ ಬಿಗಿತವೇಕೆ? ಜೋಡಿನಳಿಗೆಯ ಬಂದೂಕಿನಲ್ಲಿ ಮೊದಲ ಗುಂಡು ಹಾರಿದೊಡನೆ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಕುಲುಕಿಗೆ ಎರಡನೆಯ ನಳಿಗೆಯ ಗುಂಡು ಕೊಳವೆಯಿಂದ ಜರುಗಬಹುದು. ಹಲವು ಕಾಡತೂಸುಗಳನ್ನು ಒಡಲಲ್ಲಿಟ್ಟುಕೊಳ್ಳುವ ಬಂದೂಕಿನಲ್ಲಿ ಗುಂಡು ಒಳಕ್ಕೆ ಕುಸಿದರೆ, ಮದ್ದಿನ ಎಡೆ ಕಿರಿದಾಗಿ ಒತ್ತಡವು ಅಪಾಯದ ಮಟ್ಟಕ್ಕೇರುವುದು. ಬಿಗಿತ ಮಿತಿಮೀರಿದರೂ ಕೇಡೇ: ಕೊಳವೆ ಉಬ್ಬಿ ಬಂದೂಕಿನೊಳಗೆ ಹೊಗದು. ಕೊಳವೆಗಳ ಉದ್ದ ಸಮನಾಗಿಲ್ಲದಿದ್ದರೆ ಒಂದರ ಬಿಗಿತ ಮತ್ತೊಂದಕ್ಕೆ ಬಾರದು. ಗಾಯಗೊಂಡ ಹುಲಿ ಎದುರಿಗಿರುವಾಗ ಇವುಗಳಲ್ಲಿ ಯಾವ ತಪ್ಪಿಗೂ ಕ್ಷಮೆಯಿಲ್ಲ.

ಹೀಗೆ ಈ ತುಟಿಯ ಬಿಗಿತವೆಲ್ಲ ಮುಖ್ಯವಾಗಿ ಎರಡನೆಯ ಹೊಡೆತಕ್ಕಾಗಿ. ಆ ಎರಡನೆಯ ಹೊಡೆತವು ಯಾರಿಗೆ ದೊರೆಯಿತು? 1878ರ ಆಯುಧ ಕಾನೂನು ಬಂದೂಕಿಗೂ ಮದ್ದುಗುಂಡಿಗೂ ಪರವಾನಗಿಯನ್ನು ವಿಧಿಸಿತು. ಅಧಿಕಾರಿಗಳಿಗೂ ಶ್ರೀಮಂತರಿಗೂ ಹೊಸ ಬಂದೂಕು ಕೈಗೆಟುಕಿತು. ಹಳ್ಳಿಯ ಬೇಟೆಗಾರನಿಗೆ ಹಳೆಯ ಕೇಪಿನ ಬಂದೂಕೇ ಗತಿಯಾಯಿತು, ಅದೂ ಪರವಾನಗಿ ದೊರೆತರೆ. ಮೃಗಕ್ಕಾದರೋ, ಮದ್ದು ತುಂಬುವಷ್ಟು ಹೊತ್ತು ಸಿಗುತ್ತಿದ್ದ ಬಿಡುವು ಇಲ್ಲವಾಯಿತು.

ಒಬ್ಬ ಬೇಟೆಗಾರನ ಪ್ರಾಣವನ್ನು ಕಾಯ್ದ ಕೌಶಲವು ಕಾಡಿನ ಪ್ರಾಣವನ್ನು ಕಾಯಲಿಲ್ಲ. ಆ ಬಿಡುವನ್ನು ಹಿಂದಿರುಗಿಸಲು 1972ರ ವನ್ಯಜೀವಿ ಕಾಯಿದೆಯೂ 1991ರ ಅದರ ತಿದ್ದುಪಡಿಯೂ ಬರಬೇಕಾಯಿತು. ಖಾನಾಪುರದ ಭೀಮಗಡವು 2011ರಲ್ಲಿ ವನ್ಯಧಾಮವೆನಿಸಿತು. ಹಲಸಿಯ ತಾಮ್ರಪಟಗಳಲ್ಲಿ ಯಾರು ಯಾರಿಗೆ ಏನನ್ನು ಕೊಟ್ಟರೆಂಬುದನ್ನು ನಾವು ಓದುತ್ತೇವೆ. ಯಾರಿಂದ ಏನನ್ನು ಕಿತ್ತುಕೊಳ್ಳಲಾಯಿತೆಂಬುದನ್ನು ಈ ಹಿತ್ತಾಳೆಯ ಕೊಳವೆಯಲ್ಲಿ ಓದಬೇಕು.