ಬೇವರ್ಸಿಯ ವಾರಸುದಾರರು

ಬೆಂಗಳೂರಿನ ಹೆವಿ ಮೆಟಲ್ ಚರಿತ್ರೆಯಲ್ಲಿ 2012ರ ಒಂದು ಧ್ವನಿಮುದ್ರಿಕೆ ಗಮನಾರ್ಹವಾದುದು. ಅದರಲ್ಲಿರುವುದು ನಾಲ್ಕೇ ಹಾಡು. ತಂಡದ ಹೆಸರು ‘ಬೇವರ್ ಸೀ’. ‘ಬೇವರ್ಸಿ’ ಎಂಬ ನಮ್ಮ ಬೀದಿಯ ಬೈಗುಳಕ್ಕೆ ಇಂಗ್ಲಿಷ್ ಕಡಲಿನ ವೇಷ.

ಅದರ ಗಾಯಕ ಗಣೇಶ್ ಕೃಷ್ಣಸ್ವಾಮಿ, 1998ರಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ತಂಡದ ಸ್ಥಾಪಕರಲ್ಲೊಬ್ಬರು. ಕ್ರಿಪ್ಟೋಸ್‌ನದು ವೇಗದ ಸಂಗೀತ. ಬೇವರ್ ಸೀಯದು ಆನೆಯ ನಡಿಗೆ. ಶ್ರುತಿ ಇಳಿಸಿ, ಲಯವನ್ನು ನಿಧಾನಿಸಿ, ಒಂದೇ ಸ್ವರಗುಚ್ಛವನ್ನು ದೀರ್ಘವಾಗಿ ಬೆಳೆಸುವ ಈ ಮಾರ್ಗದ ಮೂಲ ಬರ್ಮಿಂಗ್‌ಹ್ಯಾಮಿನ ‘ಬ್ಲ್ಯಾಕ್ ಸಬ್ಬತ್’. ಕಾರ್ಖಾನೆಯಲ್ಲಿ ಬೆರಳ ತುದಿಗಳನ್ನು ಕಳೆದುಕೊಂಡ ಟೋನಿ ಅಯೋಮಿ ಗಿಟಾರಿನ ತಂತಿಗಳನ್ನು ಸಡಿಲಿಸಿ ನುಡಿಸಿದ್ದರಿಂದ ಆ ಮಂದ್ರನಾದ ಬಲಿಯಿತು.

ನಾನು ವಾಸಿಸುವ ಮಹಾಲ್, ನಾಗಪುರದ ಭೋಸಲೆ ಅರಸರ ಹಳೆಯ ಪೇಟೆ. ಇಲ್ಲಿನ ಮರಾಠಿಯಲ್ಲಿ ‘ಬೇವಾರಸ್’ ಎಂದರೆ ವಾರಸುದಾರರಿಲ್ಲದ್ದು, ಅಷ್ಟೇ. ಕನ್ನಡದ ಬೇವರ್ಸಿಯ ಮೂಲಾರ್ಥವೂ ಅದೇ. ಇಂಗ್ಲಿಷಿನಲ್ಲಿ ಹಾಡುವ ಇಂಥ ತಂಡಗಳನ್ನು ನಾವು ನಮ್ಮವೆಂದು ಎಣಿಸುವುದು ವಿರಳ. ಆದರೆ ನಾದ ಬದಲಾದ ಹೊತ್ತಿನಲ್ಲಿ ಅವರು ಹೆಸರಿಗಾಗಿ ಕೈಚಾಚಿದ್ದು ಊರಿನ ಮಾತಿಗೆ. ಹೊರನಾಡಿನಲ್ಲಿ ಕಾವ್ಯದ ಕನ್ನಡವನ್ನು ಕಾಯುವ ನಾವು ಈ ಬೀದಿಗನ್ನಡಕ್ಕೂ, ಅದನ್ನು ಹೊತ್ತ ಸಂಗೀತಕ್ಕೂ ವಾರಸುದಾರರಾಗುವುದು ನ್ಯಾಯ.