ನಿಗಾ ಇಡುವ ಗಣಕಯಂತ್ರವೇ ಸೋತರೆ ಏನು ನೋಡಬೇಕು?

ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳಿಂದ ಸುತ್ತಲ ಹಳ್ಳಿಗಳಿಗೆ ಕೇಬಲ್ ಎಳೆದು ಇಂಟರ್‌ನೆಟ್ ಕೊಡುವವರಿಗೆ ಯಾವ ಸ್ವಿಚ್ ಸತ್ತಿದೆ ಎಂದು ಕುಳಿತಲ್ಲೇ ತಿಳಿಸುವ ತಂತ್ರಾಂಶಗಳಿವೆ. ಝಾಬಿಕ್ಸ್, ನಾಗಿಯೋಸ್, ಕ್ಯಾಕ್ಟೈ ಇವುಗಳಲ್ಲಿ ಪ್ರಮುಖವಾದವು. ತೊಂದರೆ ಏನೆಂದರೆ, ಇವು ನಡೆಯುವ ಗಣಕಯಂತ್ರಕ್ಕೇ ಶಕ್ತಿ ಸಾಲದಾದಾಗ ಪರದೆ ಹಸಿರಾಗಿಯೇ ಇರಬಹುದು. ಆದರೆ ಅದು ಅರ್ಧ ಗಂಟೆ ಹಿಂದಿನ ಹಸಿರು! ಅಷ್ಟರಲ್ಲಿ ಗಡಿಯ ಹಳ್ಳಿಯ ಮೀಸೇವಾ ಕೇಂದ್ರದಲ್ಲಿ ಜನ ಸಾಲುಗಟ್ಟಿ ನಿಂತಿರುತ್ತಾರೆ. ಆದ್ದರಿಂದ ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಕೊನೆಯ ಮಾಹಿತಿ ಬಂದ ಸಮಯವನ್ನು. ಝಾಬಿಕ್ಸ್‌ನಲ್ಲಿ ಬಾಕಿ ಉಳಿದ ವಿಚಾರಣೆಗಳನ್ನು 'ಕ್ಯೂ' ಪುಟ ತೋರಿಸುತ್ತದೆ.

ನಿಧಾನವಾದೊಡನೆ ರ‍್ಯಾಮ್ ಕೊಂಡು ತರುವುದು ಎಲ್ಲರ ಅಭ್ಯಾಸ. ಅವಸರ ಬೇಡ. ಲಿನಕ್ಸ್‌ನಲ್ಲಿ 'ಫ್ರೀ' ಆಜ್ಞೆ ಕೊಟ್ಟಾಗ 'ಫ್ರೀ' ಅಂಕಣ ಕಡಿಮೆ ಇದ್ದರೆ ಗಾಬರಿಯಾಗಬೇಕಿಲ್ಲ; 'ಅವೈಲಬಲ್' ಅಂಕಣ ನೋಡಿ. ಅದೂ ಕುಸಿದು, ಸ್ವಾಪ್ ಬಳಕೆ ಏರುತ್ತಲೇ ಇದ್ದರೆ ಮಾತ್ರ ಮೆಮೊರಿಯ ಕೊರತೆ ನಿಜ.

ಅನೇಕ ಸಲ ಅಪರಾಧಿ ಹಾರ್ಡ್ ಡಿಸ್ಕ್. ಲೆಕ್ಕ ಹಾಕೋಣ. 24 ಪೋರ್ಟ್‌ಗಳ 200 ಸ್ವಿಚ್‌ಗಳಿವೆ, ಪ್ರತಿ ಪೋರ್ಟ್‌ನಲ್ಲಿ ಒಳಬರುವ ಮತ್ತು ಹೊರಹೋಗುವ ದತ್ತಾಂಶ ಎರಡನ್ನೂ ಅಳೆಯುತ್ತೀರಿ ಎನ್ನಿ. ಒಟ್ಟು 9,600 ಅಳತೆಗಳು. ನಿಮಿಷಕ್ಕೊಮ್ಮೆ ಕೇಳಿದರೆ ಸೆಕೆಂಡಿಗೆ 160 ಅಳತೆ ಬರೆಯಬೇಕು. ಐದು ನಿಮಿಷಕ್ಕೊಮ್ಮೆ ಆದರೆ 32 ಸಾಕು. ತಿರುಗುವ ಹಳೆಯ ಡಿಸ್ಕ್ ಅಲ್ಲಲ್ಲಿ ಚದುರಿದ ಬರಹವನ್ನು ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಮಾಡಬಲ್ಲದು. ಪ್ರತಿ ದತ್ತಾಂಶ ಮೂಲಕ್ಕೂ ಬೇರೆ ಕಡತ ಇಡುವ ಕ್ಯಾಕ್ಟೈನಂಥವುಗಳಿಗೆ ಇದೇ ಕಂಟಕ. 'ಟಾಪ್' ಪರದೆಯಲ್ಲಿ 'ಡಬ್ಲ್ಯುಎ' ಎಂಬ ಅಂಕಿ ಹೆಚ್ಚಿದ್ದರೆ ಪ್ರೊಸೆಸರ್ ಡಿಸ್ಕ್‌ಗಾಗಿ ಕಾಯುತ್ತಿದೆ ಎಂದರ್ಥ. ಆಗ ರ‍್ಯಾಮ್‌ಗೆ ಸುರಿಯುವ ಹಣವನ್ನು ಎಸ್‌ಎಸ್‌ಡಿಗೆ ಹಾಕುವುದೇ ಜಾಣತನ. ಖರ್ಚಿಲ್ಲದ ದಾರಿಯೂ ಇದೆ: ಮುಖ್ಯ ಲಿಂಕ್‌ಗಳನ್ನು ನಿಮಿಷಕ್ಕೊಮ್ಮೆ, ಮನೆಗಳ ಪೋರ್ಟ್‌ಗಳನ್ನು ಐದು ನಿಮಿಷಕ್ಕೊಮ್ಮೆ ವಿಚಾರಿಸಿ.

ಡಿಸ್ಕ್‌ನಲ್ಲಿ ಜಾಗ ತುಂಬಿದೆಯೇ ಎಂಬುದನ್ನು 'ಡಿಎಫ್' ಹೇಳುತ್ತದೆ. ಜಾಗ ಇದ್ದೂ ಬರೆಯಲಾಗದಿದ್ದರೆ ಐನೋಡ್ ಮುಗಿದಿರಬಹುದು, ಅದನ್ನೂ ಪರೀಕ್ಷಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಹಳೆಯ ದಾಖಲೆ ಅಳಿಸಿದರೂ ಕಡತದ ಗಾತ್ರ ತಾನಾಗಿ ಇಳಿಯುವುದಿಲ್ಲ ಎಂಬುದು ನೆನಪಿರಲಿ. ತೆರವಾದ ಜಾಗವನ್ನು ಅದು ಹೊಸ ದಾಖಲೆಗಳಿಗೆ ಬಳಸಿಕೊಳ್ಳುತ್ತದೆ. ಆದ್ದರಿಂದ ಎಷ್ಟು ದಿನದ ವಿವರ ಬೇಕೆಂದು ಆರಂಭದಲ್ಲೇ ನಿಗದಿಪಡಿಸಿ.

ಲಾಗ್‌ನಲ್ಲಿ 'ಟೂ ಮೆನಿ ಓಪನ್ ಫೈಲ್ಸ್' ಎಂದಿದ್ದರೆ ಕೊರತೆ ಯಂತ್ರದ್ದಲ್ಲ, ತೆರೆದಿಡಬಹುದಾದ ಕಡತಗಳ ಮಿತಿಯದು. ಸೇವೆಯ ಸೆಟ್ಟಿಂಗ್‌ನಲ್ಲಿ ಮಿತಿ ಏರಿಸಿ ಮತ್ತೆ ಚಾಲೂ ಮಾಡಬೇಕು. ಝಾಬಿಕ್ಸ್ ಲಾಗ್ 'ವ್ಯಾಲ್ಯೂ ಕ್ಯಾಶ್' ಮೆಮೊರಿ ಸಾಲದೆಂದು ದೂರಿದರೂ ಅಷ್ಟೇ: ರ‍್ಯಾಮ್ ಖಾಲಿ ಇದ್ದರೆ ಸಂರಚನಾ ಕಡತದ ಒಂದು ಸಾಲು ಬದಲಿಸಿದರೆ ಸಾಕು.

ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ಯಂತ್ರ ಸೋತರೆ ಧೂಳು ತುಂಬಿದ ಫ್ಯಾನ್ ನೋಡಿ. ಬಿಸಿಯಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಎಲ್ಲ ಸರಿಯಾದ ಮೇಲೆ, ಕಚೇರಿಯ ಇನ್ನೊಂದು ಗಣಕಯಂತ್ರದಿಂದ ಈ ಯಂತ್ರದ ಮೇಲೂ ನಿಗಾ ಇಡಿ. ಬರೀ ಪಿಂಗ್ ಸಾಲದು. ಕೊನೆಯ ಮಾಹಿತಿ ಹತ್ತು ನಿಮಿಷಕ್ಕಿಂತ ಹಳೆಯದಾದರೆ ನಿಮ್ಮ ಮೊಬೈಲ್‌ಗೆ ಸಂದೇಶ ಬರುವಂತಿರಲಿ.